ನೀಟ್: ಓದಿದ್ದನ್ನು ಒಪ್ಪಿಸುವ ಪರೀಕ್ಷೆ

ಎಂಬಿಬಿಎಸ್ ಸೀಟಿಗಾಗಿ ದೇಶದಾದ್ಯಂತ ಒಂದೇ ದಿನ, ಒಂದೇ ಹೊತ್ತಿಗೆ ನಡೆಯುವ ಪ್ರವೇಶ ಪರೀಕ್ಷೆ ನೀಟ್. ರಾಷ್ಟ್ರೀಯ ಅರ್ಹತಾ ಹಾಗೂ ಪ್ರವೇಶ ಪರೀಕ್ಷೆ ಎಂಬ ಉದ್ದನೆಯ ಹೆಸರು ಕಾಗದಪತ್ರಕ್ಕಷ್ಟೇ ಸೀಮಿತ. ಪಿಯು ಕಾಲೇಜಿನ ಕಾರಿಡಾರಿನಲ್ಲೂ ಮದುವೆಮನೆಯ ಪಂಕ್ತಿಯಲ್ಲೂ ಅದು ಬರೀ ನೀಟ್. ದಂತ ವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ ಪದವಿಗಳಿಗೂ ಇದರ ಅಂಕವೇ ಬೇಕು. ಪ್ರತಿವರ್ಷ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುತ್ತಾರೆ. ದೇಶದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ದಾಟಿವೆ ನಿಜ, ಆದರೆ ಮಧ್ಯಮ ವರ್ಗದ ಕೈಗೆಟಕುವ ಶುಲ್ಕದ ಸರ್ಕಾರಿ ಸೀಟುಗಳು ಅದರಲ್ಲಿ ಒಂದು ಪಾಲು ಮಾತ್ರ.

ಈ ಪರೀಕ್ಷೆಗೆ ಓದುವ ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: "ಎಲ್ಲಾ ಓದಿದೀನಿ ಸರ್, ಟೆಸ್ಟ್‌ನಲ್ಲಿ ಮಾತ್ರ ಬರಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಪುಸ್ತಕ ತೆರೆದರೆ ಪುಟವೆಲ್ಲ ಹಳದಿ, ಗುಲಾಬಿ, ಹಸಿರು ಹೈಲೈಟರಿನ ಬಣ್ಣ. ಓದು ಆಗಿದೆ. ಆಗದೆ ಉಳಿದದ್ದು ಒಪ್ಪಿಸುವುದು.

ಪರೀಕ್ಷೆ ಬಂದ ಬಗೆ

ಕರ್ನಾಟಕದಲ್ಲಿ 1994ರಿಂದ ವೈದ್ಯಕೀಯ ಸೀಟುಗಳು ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಹಂಚಿಕೆಯಾಗುತ್ತಿದ್ದವು. ಮೊದಲ ನೀಟ್ ನಡೆದದ್ದು 2013ರ ಮೇ 5ರಂದು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, 2016ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಸಿಇಟಿಗೆಂದು ಓದಿಕೊಂಡಿದ್ದ ಮಕ್ಕಳು ವರ್ಷದ ಕೊನೆಯಲ್ಲಿ ಹೊಸ ಪರೀಕ್ಷೆಯ ಮುಂದೆ ನಿಂತ ಆ ಗಲಿಬಿಲಿ ಈಗ ಹಳೆಯ ಕಥೆ. 2017ರಿಂದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ. ಮೊದಲು ಸಿಬಿಎಸ್‌ಇ ನಡೆಸುತ್ತಿದ್ದ ಪರೀಕ್ಷೆಯನ್ನು 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ ನಡೆಸುತ್ತಿದೆ.

2025ರ ಪತ್ರಿಕೆಯಲ್ಲಿ ಇದ್ದದ್ದು 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಸಸ್ಯ ಮತ್ತು ಪ್ರಾಣಿಶಾಸ್ತ್ರ ಸೇರಿದ ಜೀವಶಾಸ್ತ್ರಕ್ಕೆ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ, ಬಿಟ್ಟರೆ ಸೊನ್ನೆ. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಕೇಳುವ ಪದ್ಧತಿ ಇತ್ತು. 2025ರಲ್ಲಿ ಆ ಆಯ್ಕೆಯನ್ನು ತೆಗೆದರು. ಆ ನಾಲ್ಕು ವರ್ಷಗಳ ಪತ್ರಿಕೆಗಳನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳುವವರು ಈ ವ್ಯತ್ಯಾಸ ಮರೆಯಬಾರದು. ಒಂದೊಂದು ವಿಭಾಗದಲ್ಲೂ ಕಷ್ಟದ ಐದು ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿಯೂ ಪೂರ್ಣ ಅಂಕ ಪಡೆಯುವ ಸವಲತ್ತು ಈಗಿಲ್ಲ.

ಅಂಕ ಬೇರೆ, ರ‍್ಯಾಂಕು ಬೇರೆ

"ಎಷ್ಟು ಬಂದರೆ ಸೀಟು ಸಿಗುತ್ತೆ?" ಎಂಬ ಪ್ರಶ್ನೆಗೆ ಒಂದು ವರ್ಷದ ಉತ್ತರ ಇನ್ನೊಂದು ವರ್ಷಕ್ಕೆ ಹೊಂದುವುದಿಲ್ಲ. 2024ರಲ್ಲಿ ಕೆಲವರಿಗೆ ಕೊಟ್ಟ ಕೃಪಾಂಕದ ಗದ್ದಲ, ಸುಪ್ರೀಂ ಕೋರ್ಟಿನ ವಿಚಾರಣೆ ಎಲ್ಲ ಮುಗಿದು ಪರಿಷ್ಕೃತ ಫಲಿತಾಂಶ ಬಂದ ಮೇಲೂ 720ಕ್ಕೆ 720 ಪಡೆದವರು 17 ಮಂದಿ ಇದ್ದರು. ಮರುವರ್ಷ ಭೌತಶಾಸ್ತ್ರದ ಪ್ರಶ್ನೆಗಳು ಬೆವರಿಳಿಸಿದವು. ದೇಶಕ್ಕೇ ಮೊದಲಿಗನಾದ ವಿದ್ಯಾರ್ಥಿಯ ಅಂಕ 686. ಇಡೀ ದೇಶದಲ್ಲಿ 650 ದಾಟಿದವರು 73 ಜನ. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿಯಿತು.

ಆದ್ದರಿಂದ ಗೋಡೆಯ ಮೇಲೆ "650" ಎಂದು ಬರೆದು ಅಂಟಿಸಿಕೊಳ್ಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಪತ್ರಿಕೆ ಸುಲಭವಾದರೆ 650 ಸಾಲದೆ ಹೋಗಬಹುದು, ಕಠಿಣವಾದರೆ 550ಕ್ಕೇ ಒಳ್ಳೆಯ ಕಾಲೇಜು ಸಿಗಬಹುದು. ಇಬ್ಬರಿಗೆ ಸಮ ಅಂಕ ಬಂದಾಗ ಮೊದಲು ನೋಡುವುದು ಜೀವಶಾಸ್ತ್ರದ ಅಂಕ, ಆಮೇಲೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ. ಅರ್ಧ ಪತ್ರಿಕೆ ಜೀವಶಾಸ್ತ್ರದ್ದೇ ಆಗಿರುವುದರ ಜೊತೆಗೆ ಇದೂ ಸೇರಿ ಆ ವಿಷಯದ ತೂಕ ಇನ್ನಷ್ಟು ಹೆಚ್ಚುತ್ತದೆ.

ಓದುವುದು, ಒಪ್ಪಿಸುವುದು

ಹಿಂದೆ ನಮ್ಮ ಊರುಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೂತು ಮಗ್ಗಿ ಒಪ್ಪಿಸಬೇಕಿತ್ತು. ಪುಸ್ತಕ ಮುಚ್ಚಿ, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು, ತಡವರಿಸಿದಲ್ಲಿ ತಿದ್ದಿಸಿಕೊಂಡು. ಆ ಪದ್ಧತಿಯನ್ನು ಉರು ಹೊಡೆಯುವುದು ಎಂದು ಬೈದು ಮೂಲೆಗೆ ಸರಿಸಿದೆವು. ಅರ್ಥವಿಲ್ಲದ ಉರು ತಪ್ಪೇ. ಆದರೆ ಅದರೊಳಗಿದ್ದ ಒಂದು ಗುಣವನ್ನೂ ಜೊತೆಗೇ ಎಸೆದುಬಿಟ್ಟೆವು. ಒಪ್ಪಿಸುವಾಗ ತಲೆಯೊಳಗಿರುವುದನ್ನು ಹೊರಗೆ ಎಳೆಯಬೇಕು, ಎಳೆಯುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ.

ಮನಶ್ಶಾಸ್ತ್ರಜ್ಞರು ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಸಲ ಓದಿದ ಮೇಲೆ ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಉಳಿದವರು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರದೇ ಮೇಲುಗೈ, ಶೇ 81ಕ್ಕೆ ಶೇ 75. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುವುಮುರುವಾಯಿತು: ಓದಿದವರಲ್ಲಿ ಉಳಿದದ್ದು ಶೇ 42, ಬರೆದು ನೋಡಿದವರಲ್ಲಿ ಶೇ 56.

ಆ ಐದು ನಿಮಿಷದ ಅಂಕೆಯೇ ಮಕ್ಕಳಿಗೆ ಮೋಸ ಮಾಡುವುದು. ಎರಡನೇ ಸಲ ಓದಿದಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, 'ಇದು ನಂಗೆ ಬರುತ್ತೆ' ಅನ್ನಿಸುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕಾಣುವ ಮುಖಕ್ಕೆ ಹೆಸರು ಗೊತ್ತಿಲ್ಲದಿರುವ ಹಾಗೆ, ಪರಿಚಯ ಇದ್ದರೂ ನೆನಪು ಇರುವುದಿಲ್ಲ. 2013ರಲ್ಲಿ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದಿನ ವಿಧಾನಗಳನ್ನು ತೂಗಿ ನೋಡಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹರಡುವುದು ಇವೆರಡಕ್ಕೆ ಮಾತ್ರ ಮೇಲಿನ ದರ್ಜೆ ಕೊಟ್ಟರು. ಮರು ಓದಿಗೂ ಗೆರೆ ಎಳೆಯುವುದಕ್ಕೂ ಸಿಕ್ಕಿದ್ದು ಕೆಳಗಿನ ದರ್ಜೆ. ಹೈಲೈಟರಿಗೆ ಖರ್ಚಾಗುವ ದುಡ್ಡಿನಲ್ಲಿ ಒಂದು ರೀಮ್ ಬಿಳಿ ಹಾಳೆ ಬರುತ್ತದೆ ಎಂಬುದು ನನ್ನ ಸ್ವಂತ ಟಿಪ್ಪಣಿ.

ಹರಡುವುದು ಅಂದರೆ ಏನು? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಲ ಗಂಟೆಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಆಗುತ್ತದೆಂದು ತೋರಿಸಿದ್ದ. ಹೀಗಾಗಿ ಒಂದು ಅಧ್ಯಾಯಕ್ಕೆ ಒಂದೇ ದಿನ ಐದು ಗಂಟೆ ಸುರಿಯುವುದಕ್ಕಿಂತ ಮೊದಲ ದಿನ ಎರಡು ಗಂಟೆ ಕೊಟ್ಟು, ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ತಿಂಗಳಿಗೊಮ್ಮೆ ಪುಸ್ತಕ ಮುಚ್ಚಿ ಒಪ್ಪಿಸಿಕೊಂಡರೆ ಅದೇ ಐದು ಗಂಟೆ ಪರೀಕ್ಷೆ ನಡೆಯುವ ಮೇ ತಿಂಗಳವರೆಗೂ ಬಾಳುತ್ತದೆ. ಜರ್ಮನಿಯಲ್ಲೇ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕೊಂದು ಪೆಟ್ಟಿಗೆಯ ಉಪಾಯ ಹೇಳಿದ. ಮನೆಯಲ್ಲಿರುವ ಮೂರು ಸ್ವೀಟ್ ಬಾಕ್ಸ್ ಸಾಕು. ಪ್ರಶ್ನೆ ಒಂದು ಬದಿ, ಉತ್ತರ ಇನ್ನೊಂದು ಬದಿ ಬರೆದ ಚೀಟಿಗಳನ್ನು ಮೊದಲ ಡಬ್ಬಿಯಲ್ಲಿ ಹಾಕಿ ದಿನಾ ನೋಡುವುದು. ಉತ್ತರ ಬಂದ ಚೀಟಿ ಎರಡನೇ ಡಬ್ಬಿಗೆ ಬಡ್ತಿ ಪಡೆಯುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ ನೋಡಿದರೆ ಸಾಕು. ಅಲ್ಲೂ ಬಂದರೆ ವಾರಕ್ಕೊಮ್ಮೆ ತೆರೆಯುವ ಮೂರನೇ ಡಬ್ಬಿ. ತಪ್ಪಿದ ಚೀಟಿ ಎಲ್ಲಿದ್ದರೂ ಮತ್ತೆ ಮೊದಲ ಡಬ್ಬಿಗೇ.

ಜೀವಶಾಸ್ತ್ರ: ಹಿತ್ತಲಿನ ದಾಸವಾಳ

ಜೀವಶಾಸ್ತ್ರದ ಪ್ರಶ್ನೆಗಳ ಬಹುಪಾಲು ಎನ್‌ಸಿಇಆರ್‌ಟಿಯ ಎರಡು ಪುಸ್ತಕಗಳ ಸಾಲುಗಳಿಂದಲೇ ಹುಟ್ಟುತ್ತವೆ. ಕರ್ನಾಟಕದ ಪಿಯು ವಿಜ್ಞಾನದಲ್ಲಿ 2012ರಿಂದ ಇದೇ ಪಠ್ಯ ಇರುವುದರಿಂದ ನಮ್ಮ ಮಕ್ಕಳಿಗೆ ಬೇರೆ ಪುಸ್ತಕ ಹುಡುಕುವ ಕೆಲಸವಿಲ್ಲ. ಚಿತ್ರದ ಕೆಳಗಿನ ಶೀರ್ಷಿಕೆ, ಕೋಷ್ಟಕ, ಅಧ್ಯಾಯದ ಕೊನೆಯ ಸಾರಾಂಶ ಯಾವುದನ್ನೂ ಹಾರಿಸುವಂತಿಲ್ಲ. ದಪ್ಪ ಗೈಡುಗಳು ಶೆಲ್ಫಿಗೆ ಶೋಭೆ ಅಷ್ಟೇ.

ಆದರೆ ಆ ಸಾಲುಗಳನ್ನು ಸಾಲುಗಳಾಗಿಯೇ ಉರು ಹೊಡೆದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೂವಿನ ರಚನೆಯ ಅಧ್ಯಾಯ ತೆಗೆದುಕೊಳ್ಳಿ. ದಳಗಳ ಜೋಡಣೆ, ಕೇಸರಗಳ ಕೂಡಿಕೆ, ಅಂಡಾಶಯದ ಸ್ಥಾನ, ಅಂಡಕಗಳು ಅಂಟಿಕೊಂಡಿರುವ ಬಗೆ ಎಂದು ನಾಲ್ಕು ಪಟ್ಟಿ, ಒಂದೊಂದರಲ್ಲೂ ನಾಲ್ಕೈದು ಹೆಸರು, ಹೆಸರಿಗೆರಡು ಉದಾಹರಣೆ. ಬಾಯಿಪಾಠ ಮಾಡಿದವರಿಗೆ ವಾರದೊಳಗೆ ಎಲ್ಲ ಕಲಸುಮೇಲೋಗರ. ಅದರ ಬದಲು ಹಿತ್ತಲಿಗೆ ಹೋಗಿ ಒಂಟಿ ಸುತ್ತಿನ ಕೆಂಪು ದಾಸವಾಳವೊಂದನ್ನು ಕಿತ್ತುಕೊಂಡು ಬನ್ನಿ. ಮೊಗ್ಗನ್ನು ನೋಡಿದರೆ ಒಂದು ದಳದ ಅಂಚು ಮುಂದಿನದರ ಮೇಲೆ ಸುತ್ತಿಕೊಂಡು ಛತ್ರಿ ಮಡಿಸಿದಂತಿದೆ. ಪುಸ್ತಕ ಇದನ್ನೇ ಟ್ವಿಸ್ಟೆಡ್ ಎನ್ನುತ್ತದೆ. ಅರಳಿದ ಹೂವಿನ ನಡುವೆ ಕೇಸರಗಳ ದಂಟುಗಳೆಲ್ಲ ಸೇರಿ ಒಂದೇ ಕೊಳವೆಯಾಗಿವೆ, ಅದು ಮೊನಡೆಲ್ಫಸ್. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಅಂಡಾಶಯ ಉಳಿದೆಲ್ಲ ಭಾಗಗಳಿಗಿಂತ ಮೇಲೆ ಕೂತಿದೆ, ಹೈಪೊಗೈನಸ್. ಆ ಅಂಡಾಶಯವನ್ನು ಅಡ್ಡ ಕೊಯ್ದರೆ ನಡುವಿನ ಅಕ್ಷಕ್ಕೆ ಅಂಡಕಗಳು ಅಂಟಿಕೊಂಡಿವೆ, ಟೊಮೆಟೊದಲ್ಲೂ ನಿಂಬೆಯಲ್ಲೂ ಹೀಗೆಯೇ; ಆಕ್ಸೈಲ್. ಒಂದು ಹೂವು, ನಾಲ್ಕು ಪಟ್ಟಿಯ ನಾಲ್ಕು ಉತ್ತರ. ಮುಂದೆ 'ಹೊಂದಿಸಿ ಬರೆಯಿರಿ' ಬಂದಾಗ ಕಣ್ಣಮುಂದೆ ಪಟ್ಟಿ ಬರುವುದಿಲ್ಲ, ದಾಸವಾಳ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಕ್ರಮವನ್ನು ಪರಿಷ್ಕರಿಸಿತು. ಅದರ ಪಟ್ಟಿಯೂ ಈಗ ಅಂಗಡಿಯಲ್ಲಿ ಸಿಗುವ ತೆಳುವಾದ ಎನ್‌ಸಿಇಆರ್‌ಟಿ ಪುಸ್ತಕವೂ ಪೂರ್ತಿ ತಾಳೆಯಾಗುವುದಿಲ್ಲ. ದಾಸವಾಳದ ಮಾಲ್ವೇಸಿ, ಸಾಸಿವೆಯ ಕ್ರೂಸಿಫೆರಿ, ಸೂರ್ಯಕಾಂತಿಯ ಕಂಪಾಸಿಟಿ, ಭತ್ತ-ರಾಗಿಯ ಗ್ರಾಮಿನಿ ಈ ಸಸ್ಯಕುಟುಂಬಗಳೆಲ್ಲ ಪಠ್ಯಕ್ರಮದಲ್ಲಿ ಇವೆ, ಪುಸ್ತಕದಲ್ಲಿ ವಿವರ ಇಲ್ಲ. ಪಠ್ಯಕ್ರಮದ ಪಟ್ಟಿಯನ್ನು ಮುದ್ರಿಸಿಕೊಂಡು ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದಾಗಿ ಗುರುತು ಹಾಕುವ ಕೆಲಸಕ್ಕೆ ಒಂದು ಭಾನುವಾರ ಬೇಕು.

ಅಂಕಿಗಳ ಅಧ್ಯಾಯಗಳಿಗೆ ಬೇರೆ ದಾರಿ. ಉಸಿರಾಟದ ಪಾಠದಲ್ಲಿ ಸಾಮಾನ್ಯ ಉಸಿರಿಗೆ 500 ಮಿ.ಲೀ., ಬಲವಂತವಾಗಿ ಇನ್ನೂ ಹೊರಹಾಕಬಹುದಾದದ್ದು 1000ದಿಂದ 1100, ಏನು ಮಾಡಿದರೂ ಶ್ವಾಸಕೋಶದಲ್ಲಿ ಉಳಿಯುವುದು 1100ರಿಂದ 1200 ಎಂದಿದೆ. ಪರೀಕ್ಷೆ ಇವನ್ನು ನೇರವಾಗಿ ಕೇಳುವುದಕ್ಕಿಂತ ಕೂಡಿಸಿ ಕೇಳುವುದೇ ಹೆಚ್ಚು. ಸಾಮಾನ್ಯ ಉಸಿರು ಬಿಟ್ಟ ಮೇಲೆ ಒಳಗೆ ಎಷ್ಟು ಉಳಿದಿದೆ? ಕೊನೆಯ ಎರಡನ್ನು ಕೂಡಿಸಿದರೆ 2100ರಿಂದ 2300. ನಿಮಿಷಕ್ಕೆ ಎಷ್ಟು ಗಾಳಿ ಒಳಹೋಗುತ್ತದೆ? 12ರಿಂದ 16 ಉಸಿರನ್ನು 500ರಿಂದ ಗುಣಿಸಿದರೆ 6000ದಿಂದ 8000 ಮಿ.ಲೀ. ಪಾಠ ಓದಿದವರು ಇಂಥ ಪ್ರಶ್ನೆಗಳನ್ನು ತಾವೇ ಹೆಣೆದು ಚೀಟಿಯಲ್ಲಿ ಬರೆದುಕೊಂಡರೆ ಪ್ರಶ್ನೆಪತ್ರಿಕೆ ತಯಾರಿಸುವವರ ತಲೆ ಹೇಗೆ ಓಡುತ್ತದೆಂಬುದು ಮೆಲ್ಲಗೆ ತಿಳಿಯುತ್ತದೆ.

ರಸಾಯನಶಾಸ್ತ್ರ

ಇದು ಒಂದೇ ಹೆಸರಿನ ಮೂರು ವಿಷಯ. ನಿರವಯವ ಭಾಗಕ್ಕೆ ಜೀವಶಾಸ್ತ್ರದಂತೆಯೇ ಪುಸ್ತಕದ ಸಾಲು. ಸಾವಯವ ಭಾಗಕ್ಕೆ ಒಂದು ದೊಡ್ಡ ಹಾಳೆಯಲ್ಲಿ ಆಲ್ಕೀನಿನಿಂದ ಆಲ್ಕೋಹಾಲಿಗೆ, ಅಲ್ಲಿಂದ ಆಲ್ಡಿಹೈಡಿಗೆ, ಅಲ್ಲಿಂದ ಆಮ್ಲಕ್ಕೆ ಎಂದು ಬಾಣ ಎಳೆದ ನಕ್ಷೆ. ವಾರಕ್ಕೊಮ್ಮೆ ಅದನ್ನು ನೋಡದೆ ಹೊಸ ಹಾಳೆಯಲ್ಲಿ ಬಿಡಿಸಬೇಕು. ಭೌತ ರಸಾಯನಕ್ಕೆ ಲೆಕ್ಕ, ಅದರಲ್ಲೂ ಸೂತ್ರ ಎಲ್ಲಿ ಕೈಕೊಡುತ್ತದೆಂಬ ತಿಳಿವಳಿಕೆ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಎಂದರೆ ಸೂತ್ರ 8 ಎನ್ನುತ್ತದೆ. ಆಮ್ಲಕ್ಕೆ 8 ಹೇಗೆ ಬಂದೀತು? ನೀರಿನದೇ ಹೈಡ್ರೋಜನ್ ಅಯಾನುಗಳನ್ನೂ ಲೆಕ್ಕಕ್ಕೆ ಹಿಡಿದರೆ ಉತ್ತರ 7ಕ್ಕಿಂತ ತುಸು ಕಡಿಮೆ, ಸುಮಾರು 6.98. ನಾಲ್ಕು ಆಯ್ಕೆಗಳಲ್ಲಿ 8 ಖಂಡಿತ ಇರುತ್ತದೆ, ಆತುರದವರಿಗಾಗಿಯೇ.

ಭೌತಶಾಸ್ತ್ರದ ಭಯ

ಹೆಚ್ಚಿನವರ ರ‍್ಯಾಂಕು ಮೇಲೆ ಕೆಳಗೆ ಆಗುವುದು ಇಲ್ಲೇ. ಜೀವಶಾಸ್ತ್ರದಲ್ಲಿ 320 ತೆಗೆದ ಹುಡುಗಿ ಭೌತಶಾಸ್ತ್ರದಲ್ಲಿ 60ಕ್ಕೆ ನಿಂತಿರುತ್ತಾಳೆ. ಸೂತ್ರಗಳೆಲ್ಲ ಬಾಯಲ್ಲಿವೆ, ಲೆಕ್ಕ ಕೊಟ್ಟಾಗ ಯಾವುದನ್ನು ಎತ್ತಿಕೊಳ್ಳಬೇಕೆಂಬುದೇ ತೋಚುವುದಿಲ್ಲ. ಕಾರಣ ಅಭ್ಯಾಸ ಮಾಡಿದ ರೀತಿ. ಕೆಪಾಸಿಟರಿನ ಅಧ್ಯಾಯ ಮುಗಿಸಿ ಕೆಪಾಸಿಟರಿನ 50 ಲೆಕ್ಕ ಬಿಡಿಸುವಾಗ ಯಾವ ಸೂತ್ರ ಎಂದು ಯೋಚಿಸುವ ಕೆಲಸವೇ ಇರುವುದಿಲ್ಲ, ಅಧ್ಯಾಯದ ಹೆಸರೇ ಉತ್ತರ ಹೇಳಿಬಿಟ್ಟಿರುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಗಣಿತದ ಲೆಕ್ಕಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡಿದರು, ವಾರದ ನಂತರದ ಪರೀಕ್ಷೆಯಲ್ಲಿ ಬೆರೆಸಿ ಮಾಡಿದವರು ಅವರನ್ನು ಬಹಳ ಹಿಂದೆ ಹಾಕಿದರು. ಅಧ್ಯಾಯದ ಮೊದಲ 15 ಲೆಕ್ಕ ಸಾಲಾಗಿ ಮಾಡಿ, ಆಮೇಲಿನದೆಲ್ಲ ಹಳೆಯ ಅಧ್ಯಾಯಗಳ ಜೊತೆ ಕಲಸಿಕೊಂಡು ಮಾಡುವುದು ಒಳ್ಳೆಯದು.

ಕ್ಯಾಲ್ಕುಲೇಟರ್ ಇಲ್ಲ. ಹಾಗಾಗಿ ಮಗ್ಗಿ, ವರ್ಗಮೂಲ, ಹತ್ತರ ಘಾತ ಕೈಯಲ್ಲಿರಬೇಕು. ಆಯ್ಕೆಗಳ ಏಕಮಾನವನ್ನು ಮೊದಲು ನೋಡುವ ರೂಢಿ ಇದ್ದರೆ ಎಷ್ಟೋ ಸಲ ಎರಡು ಆಯ್ಕೆ ಲೆಕ್ಕ ಮಾಡುವ ಮೊದಲೇ ಬಿದ್ದುಹೋಗುತ್ತವೆ. ಪಠ್ಯಕ್ರಮದ ಕೊನೆಯ ಘಟಕ ಪ್ರಯೋಗ ಕೌಶಲದ್ದು: ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂಗೇಜ್, ಮೀಟರ್ ಬ್ರಿಜ್ ಇತ್ಯಾದಿ. ಲ್ಯಾಬಿನಲ್ಲಿ ಪಕ್ಕದವರ ರೀಡಿಂಗ್ ನೋಡಿ ಬರೆದುಕೊಂಡವರು ಇಲ್ಲಿ ಸುಲಭದ ನಾಲ್ಕು ಅಂಕ ಕಳೆದುಕೊಳ್ಳುತ್ತಾರೆ.

ತಪ್ಪುಗಳ ನೋಟ್‌ಬುಕ್

ಇಡೀ ತಯಾರಿಯಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಮಾಕ್ ಟೆಸ್ಟ್ ಬರೆದು, ಅಂಕ ನೋಡಿ, ಖುಷಿಯನ್ನೋ ಬೇಸರವನ್ನೋ ಪಟ್ಟು ಪತ್ರಿಕೆಯನ್ನು ಮಂಚದ ಕೆಳಗೆ ತಳ್ಳಿದರೆ ಆ ಮೂರು ಗಂಟೆ ನೀರಿಗೆ ಹೋದಂತೆ. ಟೆಸ್ಟಿನ ಬೆಲೆ ಇರುವುದು ತಪ್ಪಿದ ಪ್ರಶ್ನೆಗಳಲ್ಲಿ.

200 ಪುಟದ ಗೆರೆ ನೋಟ್‌ಬುಕ್ ಸಾಕು. ಪುಟದ ಎಡಕ್ಕೆ ಪ್ರಶ್ನೆಯ ತಿರುಳು, ಬಲಕ್ಕೆ ಯಾಕೆ ತಪ್ಪಿತು ಎಂಬುದು. ಉದಾಹರಣೆಗೆ ಎಡಗಡೆ: 'ತಂತಿಯನ್ನು ಎಳೆದು ಎರಡು ಪಟ್ಟು ಉದ್ದ ಮಾಡಿದರೆ ರೋಧ ಎಷ್ಟು ಪಟ್ಟು?' ಬಲಗಡೆ: 'ಎರಡು ಪಟ್ಟು ಅಂತ ಹಾಕಿದೆ. ಉದ್ದ ಹೆಚ್ಚಿದ್ದು ಮಾತ್ರ ನೋಡಿದೆ. ಎಳೆದಾಗ ತಂತಿ ತೆಳ್ಳಗೂ ಆಗುತ್ತೆ, ಅಡ್ಡಕೊಯ್ತ ಅರ್ಧ. ಆದ್ದರಿಂದ ನಾಲ್ಕು ಪಟ್ಟು.' ಬಲಗಡೆಯ ಸಾಲು ಹೀಗೆ ತನ್ನದೇ ಮಾತಿನಲ್ಲಿ ಇರಬೇಕು. 'ಸಿಲ್ಲಿ ಮಿಸ್ಟೇಕ್' ಎಂದಷ್ಟೇ ಬರೆಯುವುದು ತನಗೆ ತಾನೇ ಮಾಡಿಕೊಳ್ಳುವ ಮೋಸ. 'ತಪ್ಪಾದದ್ದನ್ನು ಆರಿಸಿ' ಎಂದಿದ್ದನ್ನು 'ಸರಿಯಾದದ್ದನ್ನು ಆರಿಸಿ' ಎಂದು ಓದಿದೆಯಾ? ವಿಷಯವೇ ಗೊತ್ತಿರಲಿಲ್ಲವಾ? ಗೊತ್ತಿದ್ದೂ ನೆನಪಾಗಲಿಲ್ಲವಾ? ಗುಣಾಕಾರ ತಪ್ಪಿತಾ? ಒಎಂಆರ್ ಉತ್ತರ ಹಾಳೆಯಲ್ಲಿ 76ರ ಉತ್ತರವನ್ನು 77ಕ್ಕೆ ಶೇಡ್ ಮಾಡಿದೆಯಾ? ಒಂದೊಂದಕ್ಕೂ ಮದ್ದು ಬೇರೆ. ಆರೇಳು ಟೆಸ್ಟ್ ಆಗುವಷ್ಟರಲ್ಲಿ ನೋಟ್‌ಬುಕ್ ತಿರುವಿ ಹಾಕಿದರೆ ತನ್ನ ತಪ್ಪುಗಳಿಗೂ ಒಂದು ಸ್ವಭಾವ ಇರುವುದು ಕಾಣುತ್ತದೆ. ಕೊನೆಯ ವಾರ ಓದಬೇಕಾದ ಪುಸ್ತಕ ಅದೇ. ಅದನ್ನು ಬೇರೆ ಯಾರೂ ಬರೆದುಕೊಡಲಾರರು.

ಕನ್ನಡ ಮಾಧ್ಯಮದ ಮಕ್ಕಳಿಗೆ

ಹತ್ತನೇ ತರಗತಿಯವರೆಗೆ ವೇಗೋತ್ಕರ್ಷ, ಸಂವೇಗ, ದ್ಯುತಿಸಂಶ್ಲೇಷಣೆ, ಪತ್ರಹರಿತ್ತು ಎಂದು ಕಲಿತ ಮಗು ಜೂನ್ ತಿಂಗಳಲ್ಲಿ ಪಿಯು ತರಗತಿಗೆ ಕಾಲಿಟ್ಟಾಗ ಅದೇ ವಿಷಯ ಆಕ್ಸಲರೇಶನ್, ಮೊಮೆಂಟಮ್, ಫೋಟೋಸಿಂಥೆಸಿಸ್, ಕ್ಲೋರೋಫಿಲ್ ಆಗಿ ಎದುರು ನಿಲ್ಲುತ್ತದೆ. ಗೊತ್ತಿರುವುದೇ ಗೊತ್ತಿಲ್ಲದಂತೆ ಕಾಣುವ ಆ ಮೊದಲ ಮೂರು ತಿಂಗಳಲ್ಲೇ ಎಷ್ಟೋ ಮಕ್ಕಳು ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗಿಬಿಡುತ್ತಾರೆ. ಎರಡು ಅಂಕಣದ ಪದಪಟ್ಟಿಯೊಂದನ್ನು ಮೊದಲ ದಿನದಿಂದಲೇ ಕಟ್ಟಿಕೊಳ್ಳುತ್ತ ಹೋಗಬೇಕು. ಯೋಚಿಸುವುದು ಕನ್ನಡದಲ್ಲೇ ಇರಲಿ, ಅಡ್ಡಿಯಿಲ್ಲ. ಸ್ನೇಹಿತರಿಗೆ ಕನ್ನಡದಲ್ಲಿ ಪಾಠ ಹೇಳಿಕೊಡುವುದು ಎಲ್ಲಕ್ಕಿಂತ ದೊಡ್ಡ ಒಪ್ಪಿಸುವಿಕೆ.

ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕೇ ಎಂಬುದನ್ನು ಅರ್ಜಿ ತುಂಬುವಾಗಲೇ ತೀರ್ಮಾನಿಸಬೇಕು. ಕನ್ನಡ ಆರಿಸಿದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಇರಬೇಕು, ಪುಸ್ತಿಕೆಯಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ಅನುವಾದದಲ್ಲಿ ಗೊಂದಲ ಕಂಡರೆ ಇಂಗ್ಲಿಷ್ ಪಾಠವೇ ಅಂತಿಮ. ಎರಡು ವರ್ಷ ಇಂಗ್ಲಿಷಿನಲ್ಲೇ ಟೆಸ್ಟ್ ಬರೆದವರಿಗೆ ಪರೀಕ್ಷೆಯ ದಿನ ಕನ್ನಡದ ಪಾರಿಭಾಷಿಕ ಪದಗಳು ತಡೆಯಾದಾವು. ಆದರೂ ಪ್ರಶ್ನೆಯ ವಾಕ್ಯ ಎಲ್ಲಿ 'ಅಲ್ಲ' ಎನ್ನುತ್ತಿದೆ, ಎಲ್ಲಿ 'ಹೊರತು' ಎನ್ನುತ್ತಿದೆ ಎಂದು ತಾಯ್ನುಡಿಯಲ್ಲಿ ಒಮ್ಮೆ ನೋಡಿಕೊಳ್ಳಲು ಸಿಗುವುದು ಸಣ್ಣ ಅನುಕೂಲವಲ್ಲ. ಒಂದೆರಡು ಹಳೆಯ ಕನ್ನಡ ಪತ್ರಿಕೆಗಳನ್ನು ಬಿಡಿಸಿ ನೋಡಿ ನಿರ್ಧರಿಸುವುದು ಜಾಣತನ.

ಊಹೆಯ ಲೆಕ್ಕ

ನಮ್ಮ ಮಕ್ಕಳು ಏಪ್ರಿಲ್‌ನಲ್ಲಿ ಸಿಇಟಿ ಬರೆಯುತ್ತಾರೆ. ಅಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಡಿತವಿಲ್ಲ. ಎಲ್ಲವನ್ನೂ ಶೇಡ್ ಮಾಡಿ ಬರುವುದೇ ಸರಿ. ಆ ಕೈ ಮೇ ತಿಂಗಳಲ್ಲೂ ಹಾಗೇ ಓಡಿದರೆ ಕಷ್ಟ. ಇನ್ನೊಂದು ತುದಿಯಲ್ಲಿ, ನೂರಕ್ಕೆ ನೂರು ಖಾತ್ರಿ ಇಲ್ಲದಿದ್ದರೆ ಮುಟ್ಟಲೇಬೇಡ ಎಂದು ಹೆದರಿಸುವ ಮೇಷ್ಟರುಗಳೂ ಇದ್ದಾರೆ.

ಲೆಕ್ಕ ಹಾಕಿ ನೋಡೋಣ. ಏನೂ ಗೊತ್ತಿಲ್ಲದ 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ 5 ಸರಿ, 15 ತಪ್ಪು. 20 ಬಂದು 15 ಹೋಗಿ 5 ಅಂಕ ಉಳಿಯುತ್ತದೆ. ಲಾಭ ಅಲ್ಪ, ಅದೃಷ್ಟ ಕೆಟ್ಟರೆ ನಷ್ಟವೇ. ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಿರುವ 12 ಪ್ರಶ್ನೆಗಳಲ್ಲಿ 4 ಸರಿ, 8 ತಪ್ಪಾಗಿ 8 ಅಂಕ. ಎರಡು ಆಯ್ಕೆ ಹೊಡೆದುಹಾಕಿದ 12 ಪ್ರಶ್ನೆಗಳಲ್ಲಿ 6 ಸರಿ, 6 ತಪ್ಪಾಗಿ 18 ಅಂಕ. ಅಂದರೆ ಎರಡು ಆಯ್ಕೆಗಳ ನಡುವೆ ಸಿಕ್ಕಿಬಿದ್ದ ಪ್ರಶ್ನೆಯನ್ನು ಬಿಟ್ಟು ಬರುವುದು ಕೈಗೆ ಬಂದ ಅಂಕವನ್ನು ಚೆಲ್ಲಿದಂತೆ. ಮಾಕ್ ಟೆಸ್ಟಿನಲ್ಲಿ ಊಹಿಸಿದ ಪ್ರಶ್ನೆಗಳ ಪಕ್ಕ ಒಂದು ಚುಕ್ಕಿ ಇಟ್ಟು, ಎಷ್ಟು ಸರಿಯಾದವೆಂದು ಆಮೇಲೆ ಎಣಿಸಿಕೊಳ್ಳಬೇಕು. ಕೆಲವರ ಮೊದಲ ಅನಿಸಿಕೆ ಚೂಪಾಗಿರುತ್ತದೆ, ಕೆಲವರು ಪ್ರತಿಸಲ ಬಲೆಯ ಆಯ್ಕೆಗೇ ಬೀಳುತ್ತಾರೆ.

ಮಧ್ಯಾಹ್ನದ ಮೂರು ಗಂಟೆ

ಪರೀಕ್ಷೆ ಮಧ್ಯಾಹ್ನ 2ರಿಂದ 5ರವರೆಗೆ, ಅದೂ ಮೇ ತಿಂಗಳ ಬಿಸಿಲಲ್ಲಿ. 1.30ಕ್ಕೆ ಗೇಟು ಮುಚ್ಚುತ್ತಾರೆ. ವರ್ಷವಿಡೀ ಬೆಳಗಿನ ಜಾವ 4ಕ್ಕೆ ಎದ್ದು ಓದಿ, ಊಟವಾದ ಮೇಲೆ ಒಂದು ಸಣ್ಣ ನಿದ್ದೆ ತೆಗೆಯುವ ರೂಢಿ ಮಾಡಿಕೊಂಡವರಿಗೆ ಅಂದು ಸರಿಯಾಗಿ ತೂಕಡಿಕೆಯ ಹೊತ್ತಿಗೇ ಭೌತಶಾಸ್ತ್ರ ಎದುರಾಗುತ್ತದೆ. ಪಿಯು ಪರೀಕ್ಷೆ ಮುಗಿದ ಮೇಲೆ ಮಾಕ್ ಟೆಸ್ಟುಗಳನ್ನೆಲ್ಲ 2 ಗಂಟೆಗೇ ಬರೆಯಬೇಕು, ಫ್ಯಾನು ನಿಧಾನ ಮಾಡಿ, ಲಘು ಊಟ ಮಾಡಿ, ಮಧ್ಯೆ ಏಳದೆ, ನಿಜವಾದ ಒಎಂಆರ್ ಹಾಳೆಯ ಮೇಲೆ ಬಾಲ್‌ಪೆನ್ನಿನಿಂದ ಶೇಡ್ ಮಾಡಿ. ಫೋನಿನಲ್ಲಿ ಆಯ್ಕೆ ಒತ್ತುವುದಕ್ಕೂ 180 ಬಿಲ್ಲೆ ತುಂಬುವುದಕ್ಕೂ ವ್ಯತ್ಯಾಸವಿದೆ.

ಸಮಯ ಹಂಚಿಕೆಗೆ ಚಿನ್ನದ ಸೂತ್ರವೇನೂ ಇಲ್ಲ. ಹೆಚ್ಚಿನವರಿಗೆ ಒಗ್ಗುವುದು ಜೀವಶಾಸ್ತ್ರಕ್ಕೆ 45 ನಿಮಿಷ, ರಸಾಯನಶಾಸ್ತ್ರಕ್ಕೆ 50, ಭೌತಶಾಸ್ತ್ರಕ್ಕೆ 65, ಉಳಿದ 20 ನಿಮಿಷ ಬಿಟ್ಟ ಪ್ರಶ್ನೆಗಳಿಗೆ. ಶೇಡ್ ಮಾಡುವುದನ್ನು ಪೂರ್ತಿ ಕೊನೆಗೆ ಇಟ್ಟುಕೊಳ್ಳುವುದು ಮಾತ್ರ ಬೇಡ; ಪುಟ ಮುಗಿದಂತೆ ಪುಟದ ಉತ್ತರ ತುಂಬುತ್ತ ಹೋದರೆ ಸಾಲು ಜಾರುವ ಅಪಾಯ ಕಡಿಮೆ. ತುಂಬುತೋಳು, ಶೂ ಹಾಕಿಕೊಂಡು ಹೋಗಿ ಗೇಟಿನಲ್ಲಿ ಪೇಚಾಡುವ ದೃಶ್ಯ ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ. ಅರ್ಧ ತೋಳಿನ ಅಂಗಿ, ಚಪ್ಪಲಿ ಸಾಕು.

ಕೋಚಿಂಗ್, ಇನ್ನೊಂದು ವರ್ಷ, ನಿದ್ದೆ

ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಿಂದ ಹಿಡಿದು ಬೆಂಗಳೂರಿನ ಲಾಂಗ್ ಟರ್ಮ್ ಬ್ಯಾಚುಗಳವರೆಗೆ ಕೋಚಿಂಗ್ ಒಂದು ದೊಡ್ಡ ಉದ್ಯಮ. ಅದು ಕೊಡುವ ನಿಜವಾದ ಲಾಭ ಎರಡು: ತಪ್ಪದೆ ನಡೆಯುವ ಟೆಸ್ಟು, ಜೊತೆಗೆ ಓದುವವರ ಗುಂಪು. ಉಳಿದದ್ದು ಬಹುತೇಕ ಪುಸ್ತಕದಲ್ಲೇ ಇದೆ. ದುಡ್ಡು ಹೊಂದಿಸಲಾಗದ ಮನೆಯ ಮಕ್ಕಳು ಮೂರ್ನಾಲ್ಕು ಜನ ಸೇರಿ ಭಾನುವಾರಕ್ಕೊಂದು ಹಳೆಯ ಪತ್ರಿಕೆ ಬಿಡಿಸಿ, ಒಬ್ಬರ ತಪ್ಪನ್ನು ಒಬ್ಬರು ತಿದ್ದಿದರೆ ಆ ಎರಡೂ ಸಿಕ್ಕಂತೆಯೇ.

ನೀಟ್ ಬರೆಯಲು 2022ರಿಂದ ವಯಸ್ಸಿನ ಮೇಲ್ಮಿತಿ ಇಲ್ಲ, ಇಷ್ಟೇ ಸಲ ಎಂಬ ಲೆಕ್ಕವೂ ಇಲ್ಲ. ಹಾಗಾಗಿ 'ಇನ್ನೊಂದು ವರ್ಷ' ಎಂಬ ಮಾತು ಮನೆಮನೆಯಲ್ಲಿ ಸುಲಭವಾಗಿ ಬರುತ್ತದೆ. ಮೊದಲ ಸಲ ಯಾಕೆ ಕಡಿಮೆಯಾಯಿತೆಂಬುದಕ್ಕೆ ಕಾಗದದ ಮೇಲೆ ಉತ್ತರ ಇದ್ದರೆ ಎರಡನೇ ವರ್ಷಕ್ಕೆ ಅರ್ಥ ಇದೆ. ಉತ್ತರವಿಲ್ಲದೆ ಅದೇ ಪುಸ್ತಕ, ಅದೇ ಕ್ರಮ, ಇನ್ನೂ ಎರಡು ಗಂಟೆ ಹೆಚ್ಚು ಎಂದು ಕೂತವರಿಗೆ ಫಲ ಅಷ್ಟಕ್ಕಷ್ಟೇ. ಆ ಎರಡು ಗಂಟೆ ಸಾಮಾನ್ಯವಾಗಿ ನಿದ್ದೆಯಿಂದಲೇ ಕದ್ದದ್ದಾಗಿರುತ್ತದೆ, ಹಗಲು ಓದಿದ್ದು ತಲೆಯಲ್ಲಿ ನೆಲೆಯಾಗುವುದೋ ನಿದ್ದೆಯಲ್ಲೇ. ಊಟ ಸೇರದೆ, ಮಾತು ಕಡಿಮೆಯಾಗಿ, ರಾತ್ರಿಯೆಲ್ಲ ಎಚ್ಚರವಿರುವ ಮಗುವನ್ನು 'ಓದಿನ ಟೆನ್ಷನ್' ಎಂದು ಬಿಟ್ಟುಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಪಾತ್ರ ವಹಿಸುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಂಕ ಬಂದ ಮೇಲಿನ ಕಾಗದಗಳು

ಪರೀಕ್ಷೆಯಾಗಿ ಕೆಲವು ವಾರಗಳಲ್ಲಿ ಎನ್‌ಟಿಎ ತಾತ್ಕಾಲಿಕ ಕೀ ಉತ್ತರವನ್ನೂ ಒಎಂಆರ್ ಪ್ರತಿಯನ್ನೂ ಹಾಕುತ್ತದೆ. ಕೀ ತಪ್ಪೆನ್ನಿಸಿದರೆ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಶೇ 15 ಅಖಿಲ ಭಾರತ ಕೋಟಾ, ಉಳಿದ ಶೇ 85ನ್ನು ನಮ್ಮಲ್ಲಿ ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಲ್ಲಿ ಬೇರೆಯಾಗಿ ಹೆಸರು ನೋಂದಾಯಿಸದೆ ಇದ್ದರೆ ನೀಟ್ ಅಂಕ ಎಷ್ಟಿದ್ದರೂ ರಾಜ್ಯದ ಸೀಟಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಹಾಗೆಯೇ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಉಂಟು. ಅದಕ್ಕೆ ಓದಿದ ಪ್ರತಿಯೊಂದು ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ನಾಲ್ಕನೇ ತರಗತಿಗೆ ಶಾಲೆ ಬದಲಾಯಿಸಿದವರು ಎರಡು ಊರು ಸುತ್ತಬೇಕಾದೀತು. ಆ ಓಡಾಟ ಮೇ ತಿಂಗಳ ರಜೆಗೆ ಬೀಗ ಹಾಕಿದ ಶಾಲೆಯ ಮುಂದೆ ಅಲ್ಲ, ಡಿಸೆಂಬರಿನಲ್ಲಿ ಮುಖ್ಯೋಪಾಧ್ಯಾಯರು ಕುರ್ಚಿಯಲ್ಲಿರುವಾಗಲೇ ಆಗಬೇಕು, ಅದೂ ಅಪ್ಪನೋ ಅಮ್ಮನೋ ಹೋಗಿ. ಮಗುವಿಗೆ ಆ ದಿನ ಮೊದಲ ಡಬ್ಬಿಯ ಚೀಟಿಗಳಿವೆ.